ಸ್ಕ್ರಿಪ್ಟ್ ಓಡುತ್ತದೆ, ಇಎಕ್ಸ್‌ಇ ಮಾಡಿದರೆ ಮುನಿಸಿಕೊಳ್ಳುತ್ತದೆ

ಪ್ರಶ್ನೆ: ನಮ್ಮ ಮಾವನವರದು ಬೆಲ್ಲದ ಮಂಡಿ. ತೂಕ, ದರ, ಹಮಾಲಿ ಎಲ್ಲ ಲೆಕ್ಕ ಹಾಕಿ ಎಕ್ಸೆಲ್‌ನಲ್ಲಿ ಚೀಟಿ ಮಾಡುವ ಪೈಥಾನ್ ಸ್ಕ್ರಿಪ್ಟ್ ಬರೆದಿದ್ದೇನೆ. ಚೀಟಿ ಮಾಡುವ ಭಾಗವನ್ನು ಸೈಥಾನ್‌ನಲ್ಲಿ ಕಂಪೈಲ್ ಮಾಡಿದ್ದೇನೆ, ಅಂದರೆ ಯಂತ್ರಭಾಷೆಗೆ ತಿರುಗಿಸಿದ್ದೇನೆ. ಸ್ಕ್ರಿಪ್ಟ್ ಸರಿಯಾಗಿ ಓಡುತ್ತದೆ. ಸ್ಕ್ರಿಪ್ಟನ್ನು ಪೈಥಾನ್ ಇಲ್ಲದ ಕಡೆಯೂ ಓಡುವ ಪ್ರೋಗ್ರಾಂ ಮಾಡುವ ಪೈಇನ್‌ಸ್ಟಾಲರ್‌ನಿಂದ ಒಂದೇ ಇಎಕ್ಸ್‌ಇ ಮಾಡಿದರೆ ‘ಓಪನ್‌ಪೈಎಕ್ಸೆಲ್ ಎಂಬ ಮಾಡ್ಯೂಲ್ ಇಲ್ಲ’ ಅನ್ನುತ್ತದೆ. ಎಕ್ಸೆಲ್ ಫೈಲ್ ಬರೆಯುವ ಆ ಲೈಬ್ರರಿಯನ್ನು ಆಗಲೇ ಇನ್‌ಸ್ಟಾಲ್ ಮಾಡಿದ್ದೇನಲ್ಲ? ಮಂಡಿಯ ಕಂಪ್ಯೂಟರ್ ವಿಂಡೋಸ್ 7, 32 ಬಿಟ್. ಅಲ್ಲಂತೂ ತೆರೆಯುವುದೇ ಇಲ್ಲ.
– ಓದುಗರೊಬ್ಬರು, ಮಂಡ್ಯ

ಉತ್ತರ: ಇಲ್ಲಿರುವುದು ಎರಡು ತೊಂದರೆ. ಒಂದನ್ನು ಸರಿಮಾಡಿದರೆ ಇನ್ನೊಂದು ತಾನಾಗಿ ಹೋಗಲ್ಲ.

ಮೊದಲನೆಯದು. ಪೈಇನ್‌ಸ್ಟಾಲರ್ ನಿಮ್ಮ ಸ್ಕ್ರಿಪ್ಟ್ ಓದಿ, ಅದರಲ್ಲಿರುವ ಇಂಪೋರ್ಟ್ ಸಾಲುಗಳನ್ನು (ಇಂಥ ಮಾಡ್ಯೂಲ್ ಬೇಕು ಅಂತ ಕೇಳುವ ಸಾಲುಗಳು) ಹಿಡಿದು, ಏನೇನು ಬೇಕೋ ಅದನ್ನು ಮೂಟೆ ಕಟ್ಟುತ್ತದೆ. ಸೈಥಾನ್‌ನಿಂದ ಕಂಪೈಲ್ ಆಗಿ ಬಂದ ಪಿವೈಡಿ ಫೈಲ್ ಸಿಕ್ಕರೆ ಅದನ್ನೂ, ಅದಕ್ಕೆ ಬೇಕಾದ ಡಿಎಲ್‌ಎಲ್‌ಗಳನ್ನೂ (ಪ್ರೋಗ್ರಾಂಗಳು ಬಳಸುವ ವಿಂಡೋಸ್ ಲೈಬ್ರರಿ ಫೈಲುಗಳು) ಎತ್ತಿಕೊಳ್ಳುತ್ತದೆ. ಆದರೆ ಆ ಫೈಲಿನ ಒಳಗಿರುವ ಇಂಪೋರ್ಟ್ ಸಾಲು ಅದಕ್ಕೆ ಕಾಣಲ್ಲ. ಅಚ್ಚು ಬೆಲ್ಲ ನೋಡಿ ಯಾವ ಗದ್ದೆಯ ಕಬ್ಬು ಅಂತ ಹೇಳೋಕಾಗುತ್ತಾ? ಹಾಗೇ ಇದು. ನಿಮ್ಮ ಓಪನ್‌ಪೈಎಕ್ಸೆಲ್ ಕೇಳುವ ಸಾಲು ಇರುವುದು ಸೈಥಾನ್ ಭಾಗದಲ್ಲಿ ಮಾತ್ರ, ಅಲ್ವಾ? ಅದಕ್ಕೇ ಅದು ಮೂಟೆಗೆ ಬಂದಿಲ್ಲ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಇನ್‌ಸ್ಟಾಲ್ ಆಗಿದ್ದರೂ ಪ್ರಯೋಜನವಿಲ್ಲ. ಇಎಕ್ಸ್‌ಇ ತನ್ನ ಮೂಟೆಯಲ್ಲಿ ಇರುವುದನ್ನಷ್ಟೇ ಬಳಸುತ್ತದೆ.

ಬಿಲ್ಡ್ ಫೋಲ್ಡರಿನಲ್ಲಿ ‘ವಾರ್ನ್’ ಅಂತ ಶುರುವಾಗುವ ಒಂದು ಫೈಲ್ ಇರುತ್ತದೆ. ಸಿಗದ ಮಾಡ್ಯೂಲ್‌ಗಳ ಪಟ್ಟಿ ಅದು. ಅದರಲ್ಲೂ ಓಪನ್‌ಪೈಎಕ್ಸೆಲ್ ಹೆಸರು ಇರಲ್ಲ. ಬೇಕು ಅಂತಲೇ ಗೊತ್ತಿಲ್ಲದ್ದನ್ನು ಇಲ್ಲ ಅಂತ ಯಾರು ಬರೆಯುತ್ತಾರೆ!

ಮದ್ದು ಸುಲಭ. ಕಮಾಂಡಿಗೆ ಹಿಡನ್ ಇಂಪೋರ್ಟ್ ಆಯ್ಕೆ ಸೇರಿಸಿ ಓಪನ್‌ಪೈಎಕ್ಸೆಲ್ ಹೆಸರು ಕೊಡಿ. ಇಲ್ಲದಿದ್ದರೆ ಮುಖ್ಯ ಸ್ಕ್ರಿಪ್ಟಿನ ಮೇಲ್ಗಡೆ ಸುಮ್ನೆ ಒಂದು ಇಂಪೋರ್ಟ್ ಸಾಲು ಬರೆಯಿರಿ. ನಾನು ಎರಡನೆಯದನ್ನೇ ಮಾಡುತ್ತೇನೆ. ಆರು ತಿಂಗಳು ಬಿಟ್ಟು ನೋಡಿದರೂ ಕಣ್ಣಿಗೆ ಬೀಳುತ್ತದೆ.

ಈಗ ಮಂಡಿಯ ಕಂಪ್ಯೂಟರ್. ನಿಮ್ಮ ಪಿವೈಡಿ ಫೈಲಿನ ಹೆಸರಿನ ಬಾಲ ನೋಡಿ. ‘ಸಿಪಿ311-ವಿನ್_ಎಎಂಡಿ64’ ಅಂತ ಏನೋ ಇರುತ್ತದೆ. ಪೈಥಾನ್ 3.11ಕ್ಕೆ, 64 ಬಿಟ್‌ಗೆ ಮಾಡಿದ್ದು ಅಂತ ಅರ್ಥ. 32 ಬಿಟ್ ವಿಂಡೋಸ್‌ನಲ್ಲಿ ಅದು ಓಡುವ ಮಾತೇ ಇಲ್ಲ. ಇದರ ಮೇಲೆ, ಪೈಥಾನ್ 3.9ರಿಂದ ಈಚೆಗೆ ವಿಂಡೋಸ್ 7ಕ್ಕೆ ಬೆಂಬಲವಿಲ್ಲ. ನಿಮಗೆ ಉಳಿದಿರುವುದು 3.8. ನಿಮ್ಮ ಲ್ಯಾಪ್‌ಟಾಪ್‌ನಲ್ಲೇ 32 ಬಿಟ್‌ನ 3.8 ಹಾಕಿಕೊಳ್ಳಿ, 64 ಬಿಟ್ ವಿಂಡೋಸ್ ಬೇಡ ಅನ್ನಲ್ಲ. ಅದರಲ್ಲಿ ಬೇರೆ ವರ್ಚುವಲ್ ಎನ್ವಿರಾನ್‌ಮೆಂಟ್ (ಈ ಕೆಲಸದ ಲೈಬ್ರರಿಗಳಿಗೆ ಪ್ರತ್ಯೇಕ ಜಾಗ) ಮಾಡಿ, ಸೈಥಾನ್ ಭಾಗವನ್ನು ಹೊಸದಾಗಿ ಕಂಪೈಲ್ ಮಾಡಿ. ಬಾಲ ‘ಸಿಪಿ38-ವಿನ್32’ ಆಗಬೇಕು. ಆಮೇಲೆ ಪೈಇನ್‌ಸ್ಟಾಲರ್. ಹಳೇ ಪಿವೈಡಿಯನ್ನು ಕಾಪಿ ಮಾಡಿ ಹೆಸರು ಬದಲಿಸುವ ಜಾಣತನ ಮಾತ್ರ ಬೇಡ. ಆಮೇಲೂ ಮಂಡಿಯಲ್ಲಿ ಡಿಎಲ್‌ಎಲ್ ಕಾಣೆಯಾಗಿದೆ ಅಂದರೆ ಅಲ್ಲಿ ಯುನಿವರ್ಸಲ್ ಸಿ ರನ್‌ಟೈಮ್ ಎಂಬ ವಿಂಡೋಸ್ ಅಪ್‌ಡೇಟ್ ಹಾಕಿಲ್ಲದಿರಬಹುದು. ಆ ಕಂಪ್ಯೂಟರ್ ಬದಲಿಸುವುದೇ ಒಳ್ಳೆಯದು, ಆದರೆ ಮಾವನವರಿಗೆ ಹೇಳುವವರು ನೀವು!

ಪರೀಕ್ಷೆ ಮಾಡುವಾಗ ಡಬಲ್ ಕ್ಲಿಕ್ ಬೇಡ. ಕಪ್ಪು ಕಿಟಕಿ ಮಿಂಚಿ ಮಾಯವಾಗುತ್ತದೆ. ಕಮಾಂಡ್ ಪ್ರಾಂಪ್ಟ್ ತೆರೆದು ಅಲ್ಲಿಂದ ಓಡಿಸಿದರೆ ಎರರ್ ಉಳಿದಿರುತ್ತದೆ.

ಕೊನೆಗೊಂದು ಮಾತು. ಒಂದೇ ಫೈಲ್ ಬೇಕೆಂಬ ಆಸೆ ಬಿಡಿ. ಒನ್‌ಫೈಲ್ ಆಯ್ಕೆಯಲ್ಲಿ ಹಾಗೆ ಮಾಡಿದರೆ ಪ್ರತಿ ಸಲ ತೆರೆದಾಗಲೂ ಮೂಟೆಯನ್ನು ಟೆಂಪ್ ಫೋಲ್ಡರಿನಲ್ಲಿ ಬಿಚ್ಚುತ್ತದೆ. ಹಳೇ ಮಷೀನಿನಲ್ಲಿ ಜಾಸ್ತಿ ಹೊತ್ತು ಹಿಡಿಯುತ್ತದೆ. ಅದಕ್ಕಿಂತ ಕೆಟ್ಟದ್ದು, ಸ್ಕ್ರಿಪ್ಟ್ ಇರುವ ಜಾಗದಲ್ಲೇ ಚೀಟಿ ಉಳಿಸುವಂತೆ ಬರೆದಿದ್ದರೆ ಅದು ಆ ಟೆಂಪ್ ಫೋಲ್ಡರಿಗೇ ಹೋಗಿ, ಪ್ರೋಗ್ರಾಂ ಮುಚ್ಚಿದಾಗ ಅದರ ಜೊತೆಗೇ ಅಳಿಸಿಹೋಗುತ್ತದೆ. ಎಲ್ಲವನ್ನೂ ಒಂದು ಫೋಲ್ಡರಿನಲ್ಲಿ ಇಡುವ ಒನ್‌ಡಿರ್ ಆಯ್ಕೆ ಬಳಸಿ ಇಡೀ ಫೋಲ್ಡರನ್ನೇ ಪೆನ್‌ಡ್ರೈವ್‌ನಲ್ಲಿ ಕೊಂಡೊಯ್ಯಿರಿ. ಚೀಟಿಗಳಿಗೆ ಡಾಕ್ಯುಮೆಂಟ್ಸ್‌ನಲ್ಲಿ ಬೇರೆ ಜಾಗ ಮಾಡಿ.