ಐದು ಸಲ ಪರ್ಸನಾಲಿಟಿ ಟೆಸ್ಟ್ ಬರೆದ ವೀಣಾ

ಇದು ನನ್ನ ಬಳಿ ಆಪ್ತಸಲಹೆಗೆ ಬಂದ ಒಬ್ಬರ ಕಥೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು ಬದಲಿಸಿದ್ದೇನೆ, ಗುರುತು ಸಿಗುವಂಥ ವಿವರಗಳನ್ನೂ ಬದಲಿಸಿದ್ದೇನೆ.

ವೀಣಾಗೆ 31 ವರ್ಷ. ಶಿರಸಿ ಕಡೆಯವರು. ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸ. ಮೊದಲ ದಿನ ಬಂದವರು ಕೂತ ಕೂಡಲೇ ಬ್ಯಾಗಿನಿಂದ ಒಂದು ಪ್ಲಾಸ್ಟಿಕ್ ಫೈಲ್ ತೆಗೆದು ಮೇಜಿನ ಮೇಲಿಟ್ಟರು. ಯಾವುದೋ ಆಸ್ಪತ್ರೆಯ ರಿಪೋರ್ಟ್ ಇರಬೇಕು ಅಂದುಕೊಂಡೆ. ತೆರೆದರೆ ಐದು ಪ್ರಿಂಟೌಟ್. ಐದೂ ಎಂಬಿಟಿಐ (ಮೈಯರ್ಸ್-ಬ್ರಿಗ್ಸ್ ಟೈಪ್ ಇಂಡಿಕೇಟರ್) ಮಾದರಿಯ ಪರ್ಸನಾಲಿಟಿ ಟೆಸ್ಟಿನ ಫಲಿತಾಂಶ. ಮನುಷ್ಯರ ಸ್ವಭಾವವನ್ನು ನಾಲ್ಕು ಇಂಗ್ಲಿಷ್ ಅಕ್ಷರದಲ್ಲಿ ಹೇಳುವ ಟೆಸ್ಟ್ ಅದು, ಮೊದಲ ಅಕ್ಷರ ಐ ಬಂದರೆ ಅಂತರ್ಮುಖಿ (ಇಂಟ್ರೋವರ್ಟ್), ಇ ಬಂದರೆ ಬಹಿರ್ಮುಖಿ. ಎರಡು ವರ್ಷದಲ್ಲಿ ಐದು ಸಲ ಬರೆದಿದ್ದರು. ಪ್ರತಿ ಹಾಳೆಯ ಮೂಲೆಯಲ್ಲೂ ಪೆನ್ನಿನಲ್ಲಿ ತಾರೀಕು ಹಾಕಿತ್ತು. ಮೊದಲನೇ ಹಾಳೆ ಮಾತ್ರ ಮಡಚಿ ಮಡಚಿ ಮಡಿಕೆಯಲ್ಲಿ ಹರಿಯುವ ಹಾಗಾಗಿತ್ತು, ಅದರ ತುಂಬ ಹಳದಿ ಹೈಲೈಟರ್ ಗೆರೆ.

"ಮೇಡಂ, ಮೊದಲ ಸಲ ಐಎನ್‌ಎಫ್‌ಜೆ ಬಂತು. ಆಮೇಲೆ ಐಎಸ್‌ಎಫ್‌ಜೆ. ಮತ್ತೆ ಐಎನ್‌ಎಫ್‌ಜೆ. ಹೋದ ತಿಂಗಳು ಇಎಸ್‌ಎಫ್‌ಜೆ ಅಂತ ಬಂತು. ತಪ್ಪಿರಬೇಕು ಅಂತ ಮೊನ್ನೆ ಮತ್ತೆ ಬರೆದೆ, ಆವಾಗಲೂ ಇ. ಹಾಗಾದ್ರೆ ನಾನು ಯಾರು?"

ಕೇಳುವಾಗ ಕಣ್ಣು ತುಂಬಿತ್ತು. ಇಷ್ಟಕ್ಕೆಲ್ಲ ಯಾರಾದರೂ ಅಳ್ತಾರಾ ಅಂತ ಕೆಲವರಿಗೆ ಅನಿಸಬಹುದು. ನನಗೆ ಹಾಗೆ ಅನಿಸಲಿಲ್ಲ. ನಿದ್ದೆ, ಊಟ ಹೇಗಿದೆ, ಬದುಕೇ ಬೇಡ ಅನ್ನೋ ಯೋಚನೆ ಏನಾದರೂ ಬಂದಿದೆಯಾ ಅಂತ ಮೊದಲು ಕೇಳಿದೆ. ಇದನ್ನು ಎಲ್ಲರಿಗೂ ಕೇಳುತ್ತೇನೆ. ಹತ್ತು ದಿನದಿಂದ ನಿದ್ದೆ ಸರಿಯಾಗಿಲ್ಲ ಅಂದರು. ಬೇರೆ ಏನೂ ಇರಲಿಲ್ಲ. ಆಮೇಲೆ ವಿಷಯ ಬಂತು. ಆಫೀಸಿನಲ್ಲಿ ಟೀಮ್ ಲೀಡ್ ಆಗ್ತೀರಾ ಅಂತ ಕೇಳಿದ್ದಾರೆ, ಹದಿನೈದು ದಿನದಲ್ಲಿ ಉತ್ತರ ಹೇಳಬೇಕು. ಇನ್ನೊಂದು ಕಡೆ, ಎರಡು ವರ್ಷದ ಹಿಂದೆ ಅದೇ ಆಫೀಸಿನವರು ಈ ಟೆಸ್ಟ್ ಬರೆಸಿ, ನಾಲ್ಕು ಅಕ್ಷರವನ್ನು ಚೀಟಿಯಲ್ಲಿ ಬರೆದು ಎಲ್ಲರ ಮೇಜಿನ ಮೇಲೆ ಅಂಟಿಸಿದ್ದರು. ಅವತ್ತಿನಿಂದ "ನೀವು ಇಂಟ್ರೋವರ್ಟ್ ಅಲ್ವಾ, ಕ್ಲೈಂಟ್ ಕಾಲ್ ಬೇರೆಯವರು ತಗೊಳ್ಳಲಿ ಬಿಡಿ" ಅಂತ ಮ್ಯಾನೇಜರ್ ಅವರನ್ನು ಪಕ್ಕಕ್ಕಿಟ್ಟಿದ್ದರು. ಅದು ತಪ್ಪು. ಈ ಟೆಸ್ಟನ್ನು ಕೆಲಸಕ್ಕೆ ಆಯ್ಕೆ ಮಾಡಲು ಬಳಸಬೇಡಿ ಅಂತ ಎಂಬಿಟಿಐ ಮಾರುವವರೇ ಹೇಳುತ್ತಾರೆ. ಯಾರು ಕಾಲ್ ತಗೋಬೇಕು, ಯಾರು ಬೇಡ ಅಂತ ಇದನ್ನು ನೋಡಿ ತೀರ್ಮಾನಿಸುವುದೂ ಅದೇ ಜಾತಿಯ ತಪ್ಪು.

ಟೆಸ್ಟ್ ಎಲ್ಲಿಂದ ಬಂತು ಅಂತ ವೀಣಾಗೆ ಹೇಳಿದೆ. 1921ರಲ್ಲಿ ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್ ಮನುಷ್ಯರ ಮನಸ್ಸಿನ ಬಗೆಗಳ ಮೇಲೆ ಒಂದು ಪುಸ್ತಕ ಬರೆದರು. ಅಂತರ್ಮುಖಿ, ಬಹಿರ್ಮುಖಿ ಅನ್ನುವ ಮಾತು ಜನರ ಬಾಯಿಗೆ ಬಂದಿದ್ದು ಅಲ್ಲಿಂದ. ಅದನ್ನು ಓದಿ ಅಮೆರಿಕದ ಕ್ಯಾಥರೀನ್ ಬ್ರಿಗ್ಸ್ ಮತ್ತು ಅವರ ಮಗಳು ಇಸಬೆಲ್ ಬ್ರಿಗ್ಸ್ ಮೈಯರ್ಸ್, ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, ಯಾರಿಗೆ ಯಾವ ಕೆಲಸ ಹಿಡಿಸುತ್ತದೆ ಅಂತ ಜನಕ್ಕೆ ಗೊತ್ತಾಗಲಿ ಅಂತ ಪ್ರಶ್ನೆಗಳನ್ನು ಕಟ್ಟಿದರು. ತಾಯಿ ಮಗಳು ಇಬ್ಬರೂ ಮನಃಶಾಸ್ತ್ರ ಓದಿದವರಲ್ಲ. ಅಂತರ್ಮುಖಿ-ಬಹಿರ್ಮುಖಿಯಂಥ ನಾಲ್ಕು ಜೋಡಿ, ಪ್ರತಿ ಜೋಡಿಯಿಂದ ಒಂದು ಅಕ್ಷರ, ಒಟ್ಟು 16 ಬಗೆ. ಮೊಬೈಲಿನಲ್ಲಿ ಪುಕ್ಕಟೆ ಸಿಗುವ ಟೆಸ್ಟುಗಳು ಈ ಅಕ್ಷರಗಳನ್ನು ಬಳಸಿಕೊಳ್ಳುತ್ತವೆ ಅಷ್ಟೇ, ಅವು ಮೂಲ ಟೆಸ್ಟ್ ಅಲ್ಲ. ಮೂಲ ಟೆಸ್ಟನ್ನೇ ಐದು ವಾರ ಬಿಟ್ಟು ಮತ್ತೆ ಬರೆಸಿದರೂ ಅರ್ಧದಷ್ಟು ಜನರಿಗೆ ಬೇರೆ ಅಕ್ಷರ ಬರಬಹುದು ಅಂತ 1990ರ ದಶಕದಲ್ಲೇ ಸಂಶೋಧಕರು ಬರೆದಿದ್ದಾರೆ.

ಕಾರಣ ಅರ್ಥ ಮಾಡಿಸಲು ಒಂದು ಬಿಳಿ ಹಾಳೆ ತಗೊಂಡೆ. ಐದೂ ಪ್ರಿಂಟೌಟಿನಲ್ಲಿದ್ದ ಅಂತರ್ಮುಖಿ ಶೇಕಡಾವಾರು ಸಾಲಾಗಿ ಬರೆದೆವು. 58, 54, 55, 48, 47. ಅಷ್ಟೇ. ಅಕ್ಷರ ಬದಲಾದದ್ದು ನಡುವೆ 50ರಲ್ಲಿ ಗೆರೆ ಎಳೆದಿದ್ದಕ್ಕೆ. ಮೊದಲೆಲ್ಲ ಎಸ್ಸೆಸ್ಸೆಲ್ಸಿ ಪೇಪರಿನಲ್ಲಿ 34 ಬಂದವನು ಫೇಲಾಗುತ್ತಿದ್ದ, 35 ಬಂದವನು ಪಾಸಾಗುತ್ತಿದ್ದ, ಇಬ್ಬರ ಓದಿನಲ್ಲಿ ಏನು ವ್ಯತ್ಯಾಸ ಹೇಳಿ ಅಂದೆ. ವೀಣಾ ಸ್ವಲ್ಪ ಹೊತ್ತು ಹಾಳೆ ನೋಡಿದರು. "ಇದು ಬೌಂಡರಿ ವ್ಯಾಲ್ಯೂ ಮೇಡಂ. ನಾವು ಬಗ್ ಹುಡುಕೋದೇ ಇಂಥ ಗೆರೆ ಹತ್ರ." ಅವತ್ತು ಮೊದಲ ಸಲ ಅವರ ಮುಖ ಸಡಿಲವಾಯಿತು. ಜಾಸ್ತಿ ಜನ ಈ ಗೆರೆಯ ಆಸುಪಾಸಿನಲ್ಲೇ ಇರುತ್ತಾರೆ. ತೀರಾ ಈ ತುದಿ, ತೀರಾ ಆ ತುದಿ ಇರುವವರು ಕಮ್ಮಿ.

ಎರಡನೇ ಭೇಟಿಯಲ್ಲಿ ಅಂಥದ್ದೇ ನಾಲ್ಕೈದು ಪ್ರಶ್ನೆಗಳನ್ನು ನಾನು ಕನ್ನಡದಲ್ಲಿ ಕೇಳಿದೆ. ಗುಂಪಿನಲ್ಲಿ ಹೊಸಬರ ಜೊತೆ ನೀವಾಗಿ ಮಾತು ಶುರು ಮಾಡ್ತೀರಾ? ಇಂಗ್ಲಿಷಿನಲ್ಲಿ ಐದು ಸಲವೂ ಪಟ್ಟನೆ ಟಿಕ್ ಮಾಡಿದ್ದವರು ಈಗ ತಡೆದರು.

"ಯಾವ ಗುಂಪು ಮೇಡಂ? ಊರಲ್ಲಿ ಮದುವೆ ಮನೆಯಲ್ಲಿ ಬಡಿಸೋಕೆ ನಿಂತರೆ ಪಂಕ್ತಿಯಲ್ಲಿ ಇರೋರನ್ನೆಲ್ಲ ಮಾತಾಡಿಸ್ತೀನಿ. ಆಫೀಸ್ ಪಾರ್ಟಿಯಲ್ಲಿ ಜ್ಯೂಸ್ ಗ್ಲಾಸ್ ಹಿಡ್ಕೊಂಡು ಗೋಡೆ ಹತ್ರ ನಿಲ್ತೀನಿ."

ಆ ಉತ್ತರ ಯಾವ ಟಿಕ್ಕಿನಲ್ಲೂ ಹಿಡಿಸುವುದಿಲ್ಲ. ತಾರೀಕುಗಳನ್ನು ಹಿಡಿದು ಹಿಂದೆ ಹೋದೆವು. ಮೊದಲ ಟೆಸ್ಟ್ ಬರೆದಿದ್ದು ಆಫೀಸ್ ವರ್ಕ್‌ಶಾಪಿನಲ್ಲಿ, ಸುತ್ತ ಗುರುತಿಲ್ಲದ ಜನ. ಕೊನೆಯ ಎರಡು ಬರೆದಿದ್ದು ತಮ್ಮನ ಮದುವೆ ಮುಗಿಸಿ ಬಂದ ಮೇಲೆ. ಹದಿನೈದು ದಿನ ನೆಂಟರ ನಡುವೆ ಓಡಾಡಿ ಬಂದವರು ಸಹಜವಾಗಿ ಬೇರೆ ಉತ್ತರ ಕೊಟ್ಟಿದ್ದರು.

ಇಷ್ಟು ಗೊತ್ತಾದ ಮೇಲೂ ಅವರ ಸಂಕಟ ಪೂರ್ತಿ ಇಳಿಯಲಿಲ್ಲ. ಮೊದಲನೇ ಹಾಳೆ ಯಾಕೆ ಅಷ್ಟು ಸವೆದಿದೆ ಅಂತ ಕೇಳಿದೆ. ಆಗ ಹೇಳಿದರು. ಕೂಡು ಕುಟುಂಬ, ಮೂರು ಹೆಣ್ಣುಮಕ್ಕಳಲ್ಲಿ ನಡುವಿನವರು. ಮನೆಗೆ ಯಾರೇ ಬಂದರೂ ದೊಡ್ಡಮ್ಮ "ಇವಳು ನಮ್ಮ ಮೂಕಿ" ಅಂತಲೇ ತೋರಿಸುತ್ತಿದ್ದರಂತೆ. ಇಪ್ಪತ್ತು ವರ್ಷ ಆ ಹೆಸರು ಕೇಳಿಕೊಂಡು ಬೆಳೆದವರಿಗೆ ಒಂದು ದಿನ ಒಂದು ಹಾಳೆ, ನೀನು ಸುಮ್ಮನಿರುವುದು ಕೊರತೆ ಅಲ್ಲ, ನಿನ್ನಂಥವರು ವಿರಳ, ಒಳಗೆ ಆಳವಾಗಿ ಯೋಚಿಸುವವರು ಅಂತ ಹೇಳಿತು. "ಅವತ್ತು ಪಿಜಿಗೆ ಬಂದು ಅತ್ತುಬಿಟ್ಟೆ ಮೇಡಂ. ಯಾರೋ ಮೊದಲ ಸಲ ನನ್ನನ್ನ ಸರಿಯಾಗಿ ನೋಡಿದ ಹಾಗಿತ್ತು." ಈಗ ಅಕ್ಷರ ಬದಲಾದಾಗ ಅವರಿಗೆ ಕಳೆದುಹೋದದ್ದು ಅದು. ಸುಮ್ಮನಿರಲು ಸಿಕ್ಕಿದ್ದ ಒಪ್ಪಿಗೆ.

1948ರಲ್ಲಿ ಬರ್ಟ್ರಮ್ ಫೋರರ್ ಅನ್ನುವ ಮನಃಶಾಸ್ತ್ರಜ್ಞರು ಮಾಡಿದ ಒಂದು ಪ್ರಯೋಗ ಇದೆ. 39 ವಿದ್ಯಾರ್ಥಿಗಳಿಗೆ ಟೆಸ್ಟ್ ಕೊಟ್ಟು, ಇದು ನಿಮ್ಮೊಬ್ಬರದೇ ಫಲಿತಾಂಶ ಅಂತ ಎಲ್ಲರಿಗೂ ಒಂದೇ ಬರಹ ಹಂಚಿದರು. ಅದರ ಬಹುಪಾಲು ಒಂದು ಜ್ಯೋತಿಷ್ಯದ ಪುಸ್ತಕದಿಂದ ಎತ್ತಿಕೊಂಡದ್ದು. ಎಷ್ಟು ಸರಿಯಾಗಿದೆ ಅಂತ ಕೇಳಿದರೆ ಐದಕ್ಕೆ ಸರಾಸರಿ 4.26 ಅಂಕ ಕೊಟ್ಟರು. ತರಬೇತಿಗಳಲ್ಲಿ ಇದನ್ನು ಜನರ ಮೇಲೆ ಮಾಡಿ ತೋರಿಸುವುದುಂಟು. ವೀಣಾ ಮೇಲೆ ನಾನು ಮಾಡಲಿಲ್ಲ. ಆ ಹಾಳೆ ಅವರಿಗೆ ಕೊಟ್ಟಿದ್ದ ಸಮಾಧಾನವನ್ನು ಕಿತ್ತು ತೋರಿಸುವ ಹಕ್ಕು ನನಗಿಲ್ಲ ಅನಿಸಿತು. ಪ್ರಯೋಗದ ಬಗ್ಗೆ ಬಾಯಿಮಾತಿನಲ್ಲಿ ಹೇಳಿದೆ. ಜೊತೆಗೆ ಇನ್ನೊಂದು ಮಾತೂ ಹೇಳಿದೆ. ಟೆಸ್ಟ್ ಹೇಳಿದ್ದಕ್ಕೆ ನೀವು ಹಾಗಾಗಲಿಲ್ಲ, ನೀವೇ ಕೊಟ್ಟ ಉತ್ತರವನ್ನು ಅದು ಚೆನ್ನಾದ ಮಾತಿನಲ್ಲಿ ವಾಪಸ್ ಕೊಟ್ಟಿತು. ಹೈಲೈಟ್ ಮಾಡಿದ ಸಾಲುಗಳು ನಿಮ್ಮವು, ಅವನ್ನು ಇಟ್ಟುಕೊಳ್ಳಲು ನಾಲ್ಕು ಅಕ್ಷರ ಬೇಕಿಲ್ಲ.

ಕೊಟ್ಟ ಸಲಹೆ ಇಷ್ಟು. ಎರಡು ತಿಂಗಳು ಯಾವ ಟೆಸ್ಟೂ ಬರೆಯಬಾರದು. ಫೈಲ್ ನನ್ನ ಬಳಿ ಬಿಟ್ಟು ಹೋಗ್ತೀರಾ ಅಂತ ಕೇಳಿದೆ, ನಾಲ್ಕು ಹಾಳೆ ಬಿಟ್ಟರು, ಮೊದಲನೆಯದನ್ನು ಬ್ಯಾಗಿಗೆ ಹಾಕಿಕೊಂಡರು. ನಾನು ಬೇಡ ಅನ್ನಲಿಲ್ಲ. ಪ್ರತಿ ರಾತ್ರಿ ಒಂದು ನೋಟ್‌ಬುಕ್‌ನಲ್ಲಿ ಮೂರೇ ಸಾಲು ಬರೆಯಬೇಕು, ಇವತ್ತು ಎಲ್ಲಿ ಮಾತು ಸಲೀಸಾಗಿ ಬಂತು, ಎಲ್ಲಿ ಗಂಟಲಲ್ಲೇ ನಿಂತಿತು, ಆಗ ಜೊತೆಗೆ ಯಾರಿದ್ದರು. ಲೀಡ್ ಕೆಲಸದ ಬಗ್ಗೆ ಉತ್ತರ ಹೇಳಲು ಅಕ್ಷರ ನೋಡಬೇಡಿ, ಈಗ ಲೀಡ್ ಆಗಿರುವ ಒಬ್ಬರ ಜೊತೆ ಕೂತು ಅವರ ಒಂದು ವಾರ ಹೇಗಿರುತ್ತೆ ಅಂತ ಗಂಟೆ ಲೆಕ್ಕದಲ್ಲಿ ಕೇಳಿ ಅಂದೆ. ಹದಿನೈದು ದಿನ ಸಾಲದಿದ್ದರೆ ಇನ್ನೊಂದು ವಾರ ಕೇಳಿ, ಕೇಳಿದರೆ ಕೊಡುತ್ತಾರೆ.

ಮೂರು ವಾರದ ನೋಟ್‌ಬುಕ್ ಓದಿದಾಗ ಒಂದು ವಿಷಯ ಎದ್ದು ಕಂಡಿತು. ಕೈಯಲ್ಲಿ ಕೆಲಸವಿದ್ದರೆ, ಅಥವಾ ಯಾವ ವಿಷಯ ಮಾತಾಡಬೇಕು ಅಂತ ಮೊದಲೇ ಗೊತ್ತಿದ್ದರೆ ವೀಣಾಗೆ ಹತ್ತು ಜನ ಇದ್ದರೂ ಪರವಾಗಿಲ್ಲ. ಸುಮ್ನೆ ನಿಂತು ಮಾತು ಹುಟ್ಟಿಸಬೇಕಾದರೆ ಇಬ್ಬರೇ ಇದ್ದರೂ ಕಷ್ಟ. ಇ, ಐ ಅಕ್ಷರಕ್ಕಿಂತ ಇದು ಅವರಿಗೆ ಎಷ್ಟೋ ಜಾಸ್ತಿ ಉಪಯೋಗಕ್ಕೆ ಬಂತು. ಮ್ಯಾನೇಜರ್ ಹತ್ತಿರ ಹೋಗಿ, ಮೂರು ತಿಂಗಳು ಮಾಡಿ ನೋಡ್ತೀನಿ, ಕ್ಲೈಂಟ್ ಕಾಲ್ ನಾನೇ ತಗೋತೀನಿ, ಆದರೆ ಏನೇನು ಚರ್ಚೆ ಅಂತ ಹಿಂದಿನ ದಿನ ಸಂಜೆ ನನಗೆ ಗೊತ್ತಿರಬೇಕು ಅಂದರು. ಒಪ್ಪಿದರಂತೆ. ಮೇಜಿನ ಮೇಲಿನ ಚೀಟಿಯನ್ನೂ ವೀಣಾ ತಾವೇ ಕಿತ್ತರು. ಮೊದಲ ಎರಡು ಕಾಲ್‌ನಲ್ಲಿ ಧ್ವನಿ ನಡುಗಿತು. ಮೂರನೆಯದು ಸರಿಹೋಯಿತು. ಕಾಲ್ ಇದ್ದ ದಿನ ಈಗಲೂ ಸುಸ್ತಾಗುತ್ತದೆ, ಅರ್ಧ ಗಂಟೆ ಟೆರೇಸಿನಲ್ಲಿ ಒಬ್ಬರೇ ಕೂರುತ್ತಾರೆ. ಕೂರಬೇಕು. ಒಂದು ಕೆಲಸ ಸುಸ್ತು ಮಾಡುತ್ತೆ ಅಂದರೆ ಅದು ನಮಗೆ ಬರುವುದಿಲ್ಲ ಅಂತ ಅಲ್ಲ. ಈ ಎರಡನ್ನೂ ಒಂದೇ ಅಂದುಕೊಂಡವರು ನನ್ನ ಬಳಿ ತುಂಬಾ ಬರುತ್ತಾರೆ.

ದೊಡ್ಡಮ್ಮನ ಮಾತು ಮಾತ್ರ ಇನ್ನೂ ಬಾಕಿ ಇದೆ. ಮುಂದಿನ ತಿಂಗಳು ವೀಣಾ ಊರಿಗೆ ಹೋಗುತ್ತಾರೆ, ಹೋದರೆ ಆ ಹೆಸರು ಬಂದೇ ಬರುತ್ತದೆ. ಹೋದ ವಾರ ನಾನು ದೊಡ್ಡಮ್ಮನಾಗಿ ಕೂತೆ, ಅವರು ಎದುರಿಗೆ ನಿಂತರು. "ಹಾಗೆ ಕರೀಬೇಡಿ ದೊಡ್ಡಮ್ಮ, ನಂಗೆ ಬೇಜಾರಾಗ್ತದೆ." ಮೊದಲ ಸಲ ನೆಲ ನೋಡಿಕೊಂಡು ಹೇಳಿದರು. ಎರಡನೇ ಸಲ ಅರ್ಧಕ್ಕೆ ನಿಲ್ಲಿಸಿದರು. ಮೂರನೇ ಸಲ ನನ್ನ ಮುಖ ನೋಡಿಕೊಂಡು ಪೂರ್ತಿ ಹೇಳಿದರು.