ಪ್ರತಿಕ್ರಿಯೆ: ಇಮೇಲ್‌ಗೆ ಒಂದು ಮಾತು ಸೇರಿಸಿದರೆ ಅದು ಅಪರಾಧವೇ?

ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐನ ವಕೀಲನಾಗಿದ್ದ ಕೆವಿನ್ ಕ್ಲೈನ್‌ಸ್ಮಿತ್ ತಾನು ಬರೆದದ್ದು ನಿಜವೆಂದೇ ನಂಬಿದ್ದರೂ ಅಪರಾಧಿ ಹೇಗಾದ ಎಂದು ಕೇಳಿದ್ದೀರಿ. ಉತ್ತರ ಇರುವುದು ಆರೋಪ ಹೊರಿಸಿದ ಕಲಮಿನಲ್ಲಿ.

2017ರ ಜೂನ್‌ನಲ್ಲಿ, ಟ್ರಂಪ್ ಚುನಾವಣಾ ಪ್ರಚಾರದ ಮಾಜಿ ಸಲಹೆಗಾರ ಕಾರ್ಟರ್ ಪೇಜ್ ಮೇಲಿನ ಗುಪ್ತ ಕಣ್ಗಾವಲಿನ ಅನುಮತಿಯನ್ನು ನವೀಕರಿಸಬೇಕಿತ್ತು. ಆಗ ಗುಪ್ತಚರ ಸಂಸ್ಥೆ ಸಿಐಎಯಿಂದ ಬಂದ ಇಮೇಲ್‌ಗೆ ಆತ, ಪೇಜ್ ಆ ಸಂಸ್ಥೆಯ 'ಮಾಹಿತಿದಾರನಲ್ಲ' ಎಂಬರ್ಥದ ಮಾತು ಸೇರಿಸಿ ಸಹೋದ್ಯೋಗಿಗೆ ಕಳಿಸಿದ. ಆ ಮಾತು ನಿಜವೋ ಸುಳ್ಳೋ ಎಂಬುದಕ್ಕಿಂತ, ಸಿಐಎ ಬರೆಯದ್ದನ್ನು ಬರೆದಂತೆ ತೋರಿಸಿದ್ದೇ ಇಲ್ಲಿ ಅಪರಾಧ. ಫೆಡರಲ್ ದಂಡಸಂಹಿತೆಯ 1001ನೇ ಕಲಮಿಗೆ ಮುಖ್ಯವಾಗಿ ಬೇಕಾದದ್ದು ಮೂರು: ದಾಖಲೆಯಲ್ಲಿ ಸುಳ್ಳಿರಬೇಕು, ಅದು ಗೊತ್ತಿದ್ದೇ ಬಳಸಿರಬೇಕು, ಸರ್ಕಾರದ ತೀರ್ಮಾನದ ಮೇಲೆ ಪ್ರಭಾವ ಬೀರುವ ಶಕ್ತಿ ಅದಕ್ಕಿರಬೇಕು. ನಿಜಕ್ಕೂ ಪ್ರಭಾವ ಬೀರಿತೆಂದು ಸಾಬೀತುಪಡಿಸಬೇಕಿಲ್ಲ. ಹೆಚ್ಚಿನವರು ಎಡವುವುದು ಇಲ್ಲೇ.

ಗರಿಷ್ಠ ಶಿಕ್ಷೆ 5 ವರ್ಷ. ಆತ 2020ರ ಆಗಸ್ಟ್‌ನಲ್ಲಿ ತಪ್ಪೊಪ್ಪಿಕೊಂಡ. ಆದರೆ ಶಿಕ್ಷೆಯ ಮಾರ್ಗಸೂಚಿಯ ಲೆಕ್ಕ 0ರಿಂದ 6 ತಿಂಗಳಷ್ಟೇ ಇತ್ತು. 2021ರ ಜನವರಿಯಲ್ಲಿ ನ್ಯಾಯಾಧೀಶ ಜೇಮ್ಸ್ ಬೋಸ್‌ಬರ್ಗ್ ಜೈಲಿನ ಬದಲು 12 ತಿಂಗಳ ಪ್ರೊಬೇಷನ್ (ಜೈಲಿನ ಹೊರಗೆ ನಿಗಾವಣೆಯಲ್ಲಿರುವುದು), 400 ಗಂಟೆ ಸಮುದಾಯ ಸೇವೆ ವಿಧಿಸಿದರು. ವಕೀಲಿಕೆಯ ಸನ್ನದನ್ನೂ ಒಂದು ವರ್ಷ ಅಮಾನತಿನಲ್ಲಿಡಲಾಯಿತು. ಇಂಥ ಕಣ್ಗಾವಲಿಗೆ ಅನುಮತಿ ಕೊಡುವ ಗುಪ್ತ ನ್ಯಾಯಾಲಯದಲ್ಲಿ ಎದುರು ಪಕ್ಷದ ವಕೀಲರೇ ಇರುವುದಿಲ್ಲ, ಸರ್ಕಾರಿ ಕಾಗದವನ್ನೇ ನಂಬಬೇಕು. ಹಾಗಾಗಿ ಈ ಶಿಕ್ಷೆ ಹಗುರವಾಯಿತೆಂದೇ ನನ್ನ ಅಭಿಪ್ರಾಯ.