ರೋಮಾ ಜನ ಎಲ್ಲರದೂ ಒಂದೇ ರಕ್ತವೇ?

ದಾವಣಗೆರೆಯ ಓದುಗರಿಗೆ ನಮಸ್ಕಾರ.

‘ಜಿಪ್ಸಿ’ಗಳೆಂದು ಹೊರಗಿನವರು ಕರೆಯುತ್ತಿದ್ದ ಯುರೋಪಿನ ರೋಮಾ ಜನರ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ನೀವು ಕೇಳಿದ್ದೀರಿ: ‘ಇವರು ನಮ್ಮ ಲಂಬಾಣಿಗಳೇ ತಾನೇ? ಸಾವಿರ ವರ್ಷ ತಮ್ಮೊಳಗೇ ಹೆಣ್ಣು ಕೊಟ್ಟು ತಂದವರು ಅಂದ್ರೆ ಎಲ್ಲರದೂ ಒಂದೇ ರಕ್ತ ಅಲ್ವಾ? ಸಂಬಂಧದಲ್ಲಿ ಮದುವೆ ಆಗುವ ಅವರ ಸಂಪ್ರದಾಯದ್ದೇ ತಪ್ಪೆಲ್ಲ ಅಲ್ವಾ?’

ಮೊದಲನೆಯದು ಬೇಗ ಮುಗಿಯುತ್ತದೆ. ರೋಮಾ ಜನರ ಹಿರಿಯರು ಸುಮಾರು 1500 ವರ್ಷಗಳ ಹಿಂದೆ ವಾಯವ್ಯ ಭಾರತದಿಂದ ಹೊರಟರು ಎಂದು 2012ರ ಒಂದು ಡಿಎನ್‌ಎ ಅಧ್ಯಯನ ಅಂದಾಜು ಮಾಡಿದೆ. ಲಂಬಾಣಿಗಳ ಬೇರೂ ರಾಜಸ್ಥಾನದ ಕಡೆಯದೇ. ಆದರೆ ಒಂದೇ ಸೀಮೆಯಿಂದ ಬಂದವರೆಲ್ಲ ಅಣ್ಣತಮ್ಮಂದಿರಾಗಬೇಕಿಲ್ಲ.

ಎರಡನೆಯದರಲ್ಲಿ ನಿಮ್ಮ ಊಹೆ ಅರ್ಧ ಸರಿ. ತಮ್ಮೊಳಗೇ ಹೆಣ್ಣು ತಂದದ್ದು ನಿಜ, ಆದರೆ ರೋಮಾ ಅನ್ನುವುದು ಒಂದೇ ಮನೆಯಲ್ಲ. ಹಂಡೆ, ಕಡಾಯಿ ಮಾಡುವ ಕಲ್ದೆರಾಶರು, ಕುದುರೆ ವ್ಯಾಪಾರದ ಲೋವಾರಿಗಳು, ಕರಡಿ ಆಡಿಸುತ್ತಿದ್ದ ಉರ್ಸಾರಿಗಳು, ಹೀಗೆ ಎಷ್ಟೋ ಪಂಗಡ. ಹೊರಗಿನವರನ್ನು ‘ಗಾಜೆ’ ಎಂದು ದೂರ ಇಟ್ಟಂತೆ, ಎಷ್ಟೋ ಕಡೆ ಒಂದು ಪಂಗಡ ಇನ್ನೊಂದು ಪಂಗಡದಿಂದಲೂ ಹೆಣ್ಣು ತರುತ್ತಿರಲಿಲ್ಲ. ಜಾತಿ ನೋಡಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ!

ಒಂದು ಹಿಡಿ ಬಿತ್ತನೆ ಬೀಜ ಹಿಡಿದು ಹೊಸ ಹೊಲಕ್ಕೆ ಹೋದರೆ, ಆ ಹಿಡಿಯಲ್ಲಿ ಇದ್ದದ್ದೇ ಹೊಲ ತುಂಬ ಬೆಳೆಯುತ್ತದೆ. ಪ್ರತಿ ಪಂಗಡವೂ ಕೆಲವೇ ಮನೆಗಳಿಂದ ಶುರುವಾಗಿದ್ದರಿಂದ ಆಗಿದ್ದೂ ಅದೇ. ಪಂಗಡದ ಒಳಗೆ ವೈವಿಧ್ಯ ಕಡಿಮೆ, ಪಂಗಡ ಪಂಗಡದ ನಡುವೆ ವ್ಯತ್ಯಾಸ ಜಾಸ್ತಿ. ಯುರೋಪಿನ ಅಕ್ಕಪಕ್ಕದ ದೇಶಗಳ ಜನರ ನಡುವೆ ಕೂಡ ಅಷ್ಟು ವ್ಯತ್ಯಾಸ ಕಾಣುವುದು ಅಪರೂಪ. ಮೇಲಾಗಿ ಪಂಗಡಕ್ಕೊಂದು ಪ್ರಮಾಣದಲ್ಲಿ ಯುರೋಪಿನ ಬೆರಕೆಯೂ ಇದೆ.

ಕಾಯಿಲೆಗಳಲ್ಲಿ ಇದು ಎದ್ದು ಕಾಣುತ್ತದೆ. ಹುಟ್ಟಿನಿಂದಲೇ ಬರುವ ಗ್ಲಾಕೋಮಾ (ಕಣ್ಣಿನೊಳಗೆ ಒತ್ತಡ ಹೆಚ್ಚಿ ದೃಷ್ಟಿ ಕೆಡಿಸುವ ಕಾಯಿಲೆ) ಪಶ್ಚಿಮ ದೇಶಗಳಲ್ಲಿ ಸುಮಾರು 10,000 ಮಕ್ಕಳಲ್ಲಿ ಒಬ್ಬರಿಗೆ ಇದ್ದರೆ, ಸ್ಲೊವಾಕಿಯಾದ ರೋಮಾಗಳಲ್ಲಿ ಸುಮಾರು 1,250ಕ್ಕೆ ಒಬ್ಬರಿಗೆ. ಬಲ್ಗೇರಿಯಾದ ಲೋಮ್ ಎಂಬ ಊರಿನ ರೋಮಾಗಳಲ್ಲಿ ಗುರುತಿಸಿದ ನರದ ಕಾಯಿಲೆಗೆ ಆ ಊರಿನ ಹೆಸರೇ ಅಂಟಿಕೊಂಡಿದೆ. ಇನ್ನೊಂದಿದೆ, ಹುಟ್ಟಿನಿಂದ ಸ್ನಾಯು ಸೋಲುವ ಕಾಯಿಲೆ. ಅದರ ಜೀನ್ ದೋಷ ರೋಮಾಗಳಲ್ಲೂ ಭಾರತ, ಪಾಕಿಸ್ತಾನದ ಕುಟುಂಬಗಳಲ್ಲೂ ಒಂದೇ. ತವರಿನಿಂದ ಜೊತೆಗೇ ಹೋದ ಗಂಟು ಅದು.

‘ಸಂಬಂಧದಲ್ಲಿ ಮದುವೆ’ ಎಂದು ನೀವು ಬರೆದದ್ದು ಮಾತ್ರ ಬೇರೆ ವಿಷಯ. ಅತ್ತೆ ಮಗಳನ್ನೋ ಅಕ್ಕನ ಮಗಳನ್ನೋ ತರುವುದು ಒಂದು, ಚಿಕ್ಕ ಪಂಗಡದೊಳಗೆ ತರುವುದು ಇನ್ನೊಂದು. ಸೋದರ ಸಂಬಂಧ ಬೇಡವೆಂದು ದೂರದ ಹೆಣ್ಣು ಹುಡುಕಿದರೂ ಹತ್ತು ತಲೆಮಾರಿನ ಹಿಂದಿನ ಅಜ್ಜಿ ಇಬ್ಬರಿಗೂ ಒಬ್ಬಳೇ ಆಗಿರಬಹುದು.

ತಪ್ಪೆಲ್ಲ ಸಂಪ್ರದಾಯದ್ದೇ ಅನ್ನುವುದನ್ನೂ ನಾನು ಒಪ್ಪುವುದಿಲ್ಲ. ಇಂದಿನ ರೊಮೇನಿಯಾದ ಭಾಗಗಳಲ್ಲಿ 1850ರ ದಶಕದವರೆಗೂ ರೋಮಾಗಳು ಗುಲಾಮರು. ಅವರಿಗೆ ಯಾರು ಹೆಣ್ಣು ಕೊಟ್ಟಾರು? ಇತ್ತ 18ನೇ ಶತಮಾನದ ಆಸ್ಟ್ರಿಯಾದಲ್ಲಿ ರಾಣಿ ಮರಿಯಾ ತೆರೇಸಾ ಪೂರ್ತಿ ಉಲ್ಟಾ ಆಜ್ಞೆ ಹೊರಡಿಸಿದಳು: ರೋಮಾಗಳು ತಮ್ಮೊಳಗೆ ಮದುವೆಯಾಗಕೂಡದು. ಅವರ ಮಕ್ಕಳನ್ನು ಕಿತ್ತು ರೈತರ ಮನೆಗಳಲ್ಲಿ ಬಿಟ್ಟರು. ಎಷ್ಟೋ ಮಕ್ಕಳು ತಪ್ಪಿಸಿಕೊಂಡು ಅಪ್ಪ ಅಮ್ಮನ ಬಳಿಗೇ ಓಡಿಬಂದವು.

– ಸಂ.